ನಾನು ಸೇರಿಸಿಕೊಂಡ ‘ಗೆ’

ನನ್ನ ಮೊಮ್ಮಗಳು ಚರ್ಚಿನಲ್ಲಿ ಗಂಟೆ ಬಾರಿಸುತ್ತಾಳೆ. ಅಟ್ಲಾಂಟದ ಹತ್ತಿರ ಸುವಾನಿಯಲ್ಲಿ ಮಗಳ ಮನೆಯಲ್ಲಿದ್ದಷ್ಟು ದಿನ ಈ ಸುದ್ದಿಯನ್ನು ಯಾರಿಗೆ ಹೇಳಿದೆ ಎಂದು ಕೇಳಬೇಡಿ, ಯಾರಿಗೆ ಹೇಳಲಿಲ್ಲ ಎಂದು ಕೇಳಿ. ಪಾರ್ಕಿನಲ್ಲಿ ವಾಕಿಂಗ್ ಬರುವ ತೆಲುಗಿನವರಿಗೆ ಹೇಳಿದೆ. ಇಂಡಿಯನ್ ಅಂಗಡಿಯಲ್ಲಿ ಬಿಲ್ ಮಾಡುವ ಗುಜರಾತಿ ಹೆಂಗಸಿಗೆ ಹೇಳಿದೆ. ಕತ್ತು ಅಲ್ಲಾಡಿಸಬೇಡ ಎಂದು ಕೈಸನ್ನೆ ಮಾಡುತ್ತಿದ್ದ ಕ್ಷೌರದವನಿಗೂ, ಕತ್ತು ಅಲ್ಲಾಡಿಸುತ್ತಲೇ ಹೇಳಿದೆ. ಭಾಷೆ ಸಾಲದ ಕಡೆ ಎರಡು ಕೈಯನ್ನೂ ಮೇಲೆತ್ತಿ ಹಗ್ಗ ಎಳೆದಂತೆ ಕೆಳಗಿಳಿಸಿ ಬಾಯಲ್ಲಿ ‘ಢಣ್’ ಅನ್ನುತ್ತಿದ್ದೆ. ಊರಲ್ಲಿ ಬಾವಿಯ ನೀರು ಸೇದುತ್ತಿದ್ದ ಮುದುಕನೆಂದು ತಿಳಿದರೋ ಏನೋ, ಪಾಪ, ಎಲ್ಲರೂ ‘ನೈಸ್, ನೈಸ್’ ಅಂದರು.

“ರೀ, ಅವಳು ಬಾರ್ಸೋ ಗಂಟೆಗಿಂತ ನಿಮ್ಮ ಸದ್ದೇ ಜಾಸ್ತಿ ಆಯ್ತು” ಎಂದಳು ನನ್ನ ಹೆಂಡತಿ ಸರೋಜ.

ನಿಜವೇ. ಆದರೆ ನೋಡಿ, ಹೀಗೆ ಊರೆಲ್ಲ ಸಾರಿಕೊಂಡು ಬಂದ ನಾನು ಅವಳ ಗಂಟೆಯನ್ನು ಎದುರು ಕೂತು ಕಿವಿಯಾರೆ ಕೇಳಲೇ ಇಲ್ಲ. ಒಂದೇ ಒಂದು ಅವಕಾಶವಿತ್ತು. ಅದನ್ನು ಕಳೆದುಕೊಂಡವನು ನಾನೇ. ಕಳೆದುಕೊಂಡದ್ದಾದರೂ ಎಷ್ಟಕ್ಕೆ? ಒಂದು ಅಕ್ಷರಕ್ಕೆ.

ಗಂಟೆಯ ವಿಷಯದಲ್ಲಿ ಮಾತಾಡಲು ನನಗೆ ಸ್ವಲ್ಪ ಯೋಗ್ಯತೆ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಹೈಸ್ಕೂಲಿಗೇ ಜವಾನನಾಗಿ ಸೇರಿ ನಿವೃತ್ತನಾಗುವವರೆಗೆ ಅಲ್ಲೇ ಇದ್ದೆ. ಪಾಠ ಒಂದೂ ತಲೆಗೆ ಹತ್ತದಿದ್ದರೂ ಪಾಠ ಮುಗಿಸುವುದು ಮಾತ್ರ ನನ್ನ ಕೈಯಲ್ಲೇ ಇತ್ತು. ಹೆಡ್‌ಮಾಸ್ತರರ ಕೋಣೆಯ ಮುಂದಿನ ಹೊಂಗೆ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಕಬ್ಬಿಣದ ಸಲಾಕೆಯಿಂದ ಅದಕ್ಕೊಂದು ಬಿಟ್ಟರೆ ಒಂದು ಪೀರಿಯಡ್ಡು ಸತ್ತು ಇನ್ನೊಂದು ಹುಟ್ಟುತ್ತಿತ್ತು. ಸಂಜೆಯ ಲಾಂಗ್ ಬೆಲ್ಲಿಗಂತೂ ನಾನು ವಿದ್ವಾಂಸನೇ ಆಗಿಬಿಡುತ್ತಿದ್ದೆ. ಮೊದಲು ಬಿಡಿಬಿಡಿಯಾಗಿ ಶುರುಮಾಡಿ, ಆಮೇಲೆ ಒತ್ತಾಗಿ, ಕೊನೆಗೆ ಆಲಿಕಲ್ಲು ಬಿದ್ದ ಹಾಗೆ. ಹೀಗಾಗಿ ನಮ್ಮ ಮನೆಯಲ್ಲಿ ಹೊತ್ತಿನ ವಿಷಯ ಬಂದರೆ ನನ್ನ ಮಾತಿಗೆ ಎದುರಿಲ್ಲ. ಬಸ್ಸು ಎಷ್ಟಕ್ಕೆ, ಮುಹೂರ್ತ ಎಷ್ಟಕ್ಕೆ, ಮಾತ್ರೆ ನುಂಗುವುದು ಎಷ್ಟಕ್ಕೆ, ಎಲ್ಲದಕ್ಕೂ ‘ಅಪ್ಪನ್ನ ಕೇಳು’ ಎಂಬ ಒಂದೇ ಉತ್ತರ. ಈ ಗೌರವ ನನ್ನನ್ನು ಅಮೆರಿಕದವರೆಗೂ ಹಿಂಬಾಲಿಸಿ ಬಂದು ಕಡೆಗೆ ಕಾಲು ಹಿಡಿದು ಕೆಡವಿತು.

ಮೊಮ್ಮಗಳ ಹೆಸರು ಮಾನ್ಯ. ಹುಟ್ಟಿದ್ದು ಬೆಳೆದದ್ದು ಅಲ್ಲೇ, ಈಗ ನೈನ್ತ್ ಗ್ರೇಡ್. ಅವಳು ಚರ್ಚಿನ ಗಂಟೆಗೆ ಗಂಟು ಬಿದ್ದದ್ದು ಕೊರೋನಾದಿಂದ. ಆ ಕಾಲದಲ್ಲಿ ಚರ್ಚಿನ ಗೋಪುರಕ್ಕೆ ಬೀಗ ಹಾಕಿದ್ದರಂತೆ. ಚಿಕ್ಕ ಕೋಣೆಯಲ್ಲಿ ಎಂಟು ಜನ ಸುತ್ತಲೂ ನಿಂತು ಏದುಸಿರು ಬಿಡುವ ಕೆಲಸ, ಹಾಕದೆ ಏನು ಮಾಡುತ್ತಾರೆ? ಬೀಗ ತೆಗೆದಾಗ ಗಂಟೆಗಳೆಲ್ಲ ಇದ್ದವು, ಬಾರಿಸುವವರು ಕಡಿಮೆಯಾಗಿದ್ದರು. ಕೆಲವರು ಊರು ಬಿಟ್ಟಿದ್ದರು. ಕೆಲವರಿಗೆ ಗೋಪುರದ ಮೆಟ್ಟಿಲು ಹತ್ತುವ ತ್ರಾಣ ಹೋಗಿತ್ತು. ಯಾರಾದರೂ ಬನ್ನಿ, ನಿಮ್ಮ ದೇವರು ಯಾರಾದರೂ ಸರಿ, ಕಲಿಸುತ್ತೇವೆ ಎಂದರು. ಮಾನ್ಯ ಗೆಳತಿಯ ಜೊತೆ ಹೋದಳು. ಮಗಳು ಗೀತಾ ಒಪ್ಪಿದ್ದು ಮುಂದೆ ಕಾಲೇಜಿಗೆ ಅಪ್ಲೈ ಮಾಡುವಾಗ ವಾಲಂಟಿಯರ್ ಅವರ್ಸ್ ತೋರಿಸಬಹುದೆಂಬ ಲೆಕ್ಕದಲ್ಲಿ. ನಾನಂತೂ ಹಿಗ್ಗಿಹೋದೆ. ಗಂಟೆ ಎಂಬುದು ರಕ್ತದಲ್ಲೇ ಬಂತು ನೋಡು ಎಂದೆ.

“ನಿಮ್ಮ ಗಂಟೆ ಕೇಳಿದ್ರೆ ಮಕ್ಕಳು ಎದ್ದು ಓಡ್ತಿದ್ವು. ಇವಳ ಗಂಟೆ ಕೇಳಿ ಜನ ಒಳಗೆ ಬರ್ತಾರೆ. ಒಂದೇ ರಕ್ತ ಹೇಗ್ರೀ ಆಗುತ್ತೆ?” ಎಂದಳು ಸರೋಜ.

ಒಂದು ಬುಧವಾರ ಸಂಜೆ ಅವರ ಅಭ್ಯಾಸ ನೋಡಲು ನನ್ನನ್ನೂ ಕರೆದೊಯ್ದರು. ಸುತ್ತು ಮೆಟ್ಟಿಲು ಹತ್ತಿ ಕೋಣೆಯ ಬಾಗಿಲಿಗೆ ಬಂದವನೇ ಅಭ್ಯಾಸಬಲದಿಂದ ಶೂ ಕಳಚಿಟ್ಟೆ. ಆ ಗುಂಪಿನ ಯಜಮಾನಿ ಕ್ಯಾರಲ್ ಎಂಬ ಹಿರಿಯಾಕೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಆದರೂ ಬೆನ್ನು ಗಳದ ಹಾಗೆ ನೆಟ್ಟಗೆ. ನನ್ನ ಬರಿಗಾಲು ನೋಡಿ, ನಾವೂ ಕಳಚಬೇಕೇ ಎಂದು ಮಾನ್ಯಳನ್ನು ಕೇಳಿದಳಂತೆ. ಅಂದಿನಿಂದ ನನ್ನ ಬಾಯಲ್ಲಿ ಅವಳು ಕ್ಯಾರಲಮ್ಮ.

ಅಲ್ಲಿ ಗಂಟೆಗಳು ಕಣ್ಣಿಗೆ ಕಾಣುವುದಿಲ್ಲ. ಅವು ಮೇಲಿನ ಅಂತಸ್ತಿನಲ್ಲಿ. ಸೂರಿನ ತೂತುಗಳಿಂದ ಎಂಟು ಹಗ್ಗ ಮಾತ್ರ ಇಳಿಬಿದ್ದಿರುತ್ತವೆ, ಹಿಡಿಯುವ ಕಡೆ ಬಣ್ಣಬಣ್ಣದ ಉಣ್ಣೆ ಸುತ್ತಿ. ನಮ್ಮ ದೇವಸ್ಥಾನದ ಗಂಟೆಯನ್ನು ಒಂದು ಸಲ ಹೊಡೆದು, ಬಂದೆನಪ್ಪಾ ಎಂದು ದೇವರಿಗೆ ತಿಳಿಸಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಬಾಯಿ ಮೇಲೆ ಮಾಡಿ ನಿಂತ ಗಂಟೆ ಹಗ್ಗ ಎಳೆದರೆ ಪೂರ್ತಿ ಒಂದು ಸುತ್ತು ಬರುತ್ತದೆ. ಎಳೆಯುವುದಕ್ಕಿಂತ ಬಿಡುವುದು ಕಷ್ಟವಂತೆ. ಹೊತ್ತಿಗೆ ಸರಿಯಾಗಿ ಕೈ ಬಿಡದಿದ್ದರೆ ಹಗ್ಗ ನಿಮ್ಮನ್ನೂ ಕರೆದುಕೊಂಡು ಮೇಲೆ ಹೋಗುತ್ತದೆ. ಹಾಡು ಗೀಡು ನುಡಿಸುವುದಿಲ್ಲ. ಚಿಕ್ಕ ಗಂಟೆಗೆ ಒಂದು, ದೊಡ್ಡದಕ್ಕೆ ಎಂಟು ಎಂದು ನಂಬರು ಕೊಟ್ಟಿದ್ದಾರೆ. ಮೊದಲು ಸಾಲಾಗಿ ಬಾರಿಸಿ, ಆಮೇಲೆ ಪಕ್ಕಪಕ್ಕದ ಗಂಟೆಗಳು ಜಾಗ ಅದಲುಬದಲು ಮಾಡಿಕೊಳ್ಳುತ್ತಾ ಹೋಗುತ್ತವೆ. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ಮೇಷ್ಟರ ಕಣ್ಣುತಪ್ಪಿಸಿ ಪಕ್ಕದವನ ಜಾಗಕ್ಕೆ ಜಾರುತ್ತಿದ್ದುದು ನೆನಪಾಯಿತು. ನಾನು ಕಿವಿ ಹಿಂಡಿ ಬಿಡಿಸುತ್ತಿದ್ದ ಆ ಕೆಲಸವನ್ನೇ ಇವರು ವಿದ್ಯೆ ಮಾಡಿಕೊಂಡಿದ್ದಾರೆ.

ಒಂದನೇ ಗಂಟೆ ಕ್ಯಾರಲಮ್ಮನದು. ಶುರು ಮಾಡುವಾಗ ಅವಳು ಹಗ್ಗ ಎಳೆದು ‘ಷಿ ಈಸ್ ಗಾನ್’ ಎಂದು ಕೂಗುತ್ತಾಳೆ. ಗಂಟೆ ಹೊರಟಿತು, ನೀವೂ ಹೊರಡಿ ಎಂದು ಅರ್ಥ. ನನಗೆ ಬರುವ ನಾಲ್ಕಾರು ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು. ಯಾರೋ ತೀರಿಹೋದರೆಂದುಕೊಂಡು ಎದ್ದು ನಿಂತು ಕೈಮುಗಿದೆ. ಮಾನ್ಯಳಿಗೆ ನಗು ತಡೆಯಲಾಗದೆ ಅವಳ ಹಗ್ಗ ತಪ್ಪಿತು.

ಆದರೆ ಆ ದಿನ ನಾನು ಗಂಟೆಯ ಸದ್ದು ಕೇಳಲಿಲ್ಲ. ಸುತ್ತಮುತ್ತಲಿನ ಮನೆಯವರಿಗೆ ತೊಂದರೆಯಾಗಬಾರದೆಂದು ಅಭ್ಯಾಸದ ದಿನ ಗಂಟೆಗಳ ನಾಲಿಗೆ ಕಟ್ಟಿಬಿಡುತ್ತಾರೆ. ಮೇಲೆ ಗಂಟೆ ಮೂಕವಾಗಿ ತಿರುಗುತ್ತದೆ, ಕೆಳಗೆ ಕಂಪ್ಯೂಟರೊಂದು ಅದರ ಪರವಾಗಿ ‘ಟಿಂಗ್’ ಎನ್ನುತ್ತದೆ. ಹೆಣ್ಣು ನೋಡಲು ಹೋದವರಿಗೆ ಫೋಟೋ ತೋರಿಸಿ ಕಳಿಸಿದ ಹಾಗೆ. ಭಾನುವಾರ ಪೂಜೆಗೆ ಬಾರಿಸುವುದು ಹಳಬರು, ಕಲಿಯುವವರಿಗೆ ಅದಿಲ್ಲ. ಹಾಗಾಗಿ ನಾನು ಕಾದದ್ದು ಒಂದೇ ಶನಿವಾರಕ್ಕೆ. ಕ್ಯಾರಲಮ್ಮ ಸೌತ್ ಕ್ಯಾರೊಲಿನಾದಲ್ಲಿರುವ ಮಗಳ ಮನೆಗೆ, ಇನ್ನು ಅಲ್ಲೇ ಇರುವುದೆಂದು, ಹೊರಟಿದ್ದಳು. ಅವಳನ್ನು ಬೀಳ್ಕೊಡುವುದಕ್ಕೆಂದು ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಗಂಟೆಗಳ ನಾಲಿಗೆ ಬಿಚ್ಚಿ ಮುಕ್ಕಾಲು ತಾಸು ಎಲ್ಲೂ ನಿಲ್ಲಿಸದೆ ಬಾರಿಸುವುದೆಂದು ಗೊತ್ತುಮಾಡಿದ್ದರು. ಮಾನ್ಯಳಿಗೂ ಹಗ್ಗ ಸಿಗುವ ಆಸೆ ಇತ್ತು. ನನಗೆ ಒಳಗೆ ಕೂರಲು ಕುರ್ಚಿ ಹಾಕಿಸುತ್ತೇನೆಂದು ಕ್ಯಾರಲಮ್ಮನೇ ಹೇಳಿದ್ದಳು. ಅದಾದ ಮಂಗಳವಾರ ನಮ್ಮ ವಿಮಾನ.

ಇಲ್ಲಿ ನಮ್ಮ ಮನೆಯ ಒಂದು ಕಾನೂನು ಹೇಳಬೇಕು. ಮಾನ್ಯ ಅಪ್ಪ ಅಮ್ಮನ ಹತ್ತಿರ ಇಂಗ್ಲಿಷಿನಲ್ಲಿ ಏನಾದರೂ ಆಡಿಕೊಳ್ಳಲಿ, ತಾತನ ಹತ್ತಿರ ಕನ್ನಡವೇ ಆಗಬೇಕು. ಕಾನೂನು ಮಾಡಿದವನು ನಾನು. ಮಗು ಪಾಪ ಪಾಲಿಸುತ್ತಿತ್ತು. ಅವಳ ಕನ್ನಡದಲ್ಲಿ ಪದಗಳೆಲ್ಲ ಇರುತ್ತವೆ, ಬಾಲ ಇರುವುದಿಲ್ಲ. ‘ತಾತ, ಹಾಲು ಫ್ರಿಜ್ ಇದೆ.’ ‘ಅಮ್ಮ ಆಫೀಸ್ ಹೋದ್ರು.’ ಬಿಟ್ಟುಹೋದ ಬಾಲಗಳನ್ನು ನಾನು ಕೇಳುತ್ತಲೇ ಸೇರಿಸಿಕೊಳ್ಳುತ್ತಿದ್ದೆ, ಸಾರಿಗೆ ಸಾಲದ ಉಪ್ಪನ್ನು ಎಲೆಯ ತುದಿಯಿಂದ ತೆಗೆದುಕೊಂಡ ಹಾಗೆ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಸೇರಿಸುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಗುರುವಾರ ಸಂಜೆ ಬಾಗಿಲು ತೆರೆದವಳೇ ಓಡಿಬಂದು ನನ್ನ ಎರಡು ಕೈ ಹಿಡಿದಳು.

“ತಾತ! ಶನಿವಾರ ನಾನು ಆರು ಗಂಟೆ! ಕ್ಯಾರಲ್ ನನಗೆ ಆರು ಗಂಟೆ ಕೊಟ್ಟರು!”

“ಆರು ಗಂಟೆ! ಭೇಷ್!” ಎಂದೆ.

“ನೀವು ಬರ್ತೀರಾ?”

“ಬರದೆ ಇರ್ತೀನಾ ಪುಟ್ಟಿ? ಎಲ್ಲರಿಗಿಂತ ಮುಂಚೆ ಬಂದು ಕೂತಿರ್ತೀನಿ.”

ರಾತ್ರಿ ಊಟಕ್ಕೆ ಕೂತಾಗ ಅಳಿಯ ಪ್ರಶಾಂತನಿಗೆ ಗಂಭೀರವಾಗಿ ತಿಳಿಸಿದೆ. “ಶನಿವಾರದ್ದು ನಾಲ್ಕಕ್ಕಲ್ಲ, ಆರಕ್ಕೆ ಮಾಡಿದ್ದಾರೆ.”

“ಚೇಂಜ್ ಆಯ್ತಾ ಮಾವ? ನಂಗೆ ಮಾನ್ಯ ಹೇಳಲೇ ಇಲ್ಲ.”

“ನಂಗೆ ಹೇಳಿದಳಲ್ಲಪ್ಪ.”

“ಹಾಗಾದ್ರೆ ಸರಿ ಬಿಡಿ” ಎಂದ. ಹೊತ್ತಿನ ವಿಷಯ, ಹೇಳಿದವನು ನಾನು. ಇನ್ನೇನು ಬೇಕು?

ಶನಿವಾರ ಗೀತಾಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. ಮಾನ್ಯ ಬೆಳಿಗ್ಗೆಯೇ ಗೆಳತಿಯ ಮನೆಯವರ ಕಾರಿನಲ್ಲಿ ಹೋದಳು. ಮಧ್ಯಾಹ್ನ ಅವಳು ಫೋನ್ ಮಾಡಿದಾಗ ಪ್ರಶಾಂತ ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಮಿಷನ್ನಿನ ಗದ್ದಲದಲ್ಲಿದ್ದ. ಇವನು ನೋಡಿ ತಿರುಗಿ ಮಾಡುವಷ್ಟರಲ್ಲಿ ಅವಳ ಫೋನ್ ಆಫ್. ನಾನು ಇಸ್ತ್ರಿ ಅಂಗಿ ತೊಟ್ಟು, ಸರೋಜ ಕ್ಯಾರಲಮ್ಮನಿಗೆಂದು ಕೋಡುಬಳೆ ಡಬ್ಬಿಗೆ ತುಂಬಿ, ಸೋಫಾದ ಮೇಲೆ ಕಾಫಿ ಕುಡಿಯುತ್ತಾ ಕೂತೆವು. ‘ಹೊರಡೋಣ್ವಾ ಮಾವ’ ಎಂದು ಅವನೊಮ್ಮೆ ಕೇಳಿದ. ‘ಬೇಕಾದಷ್ಟು ಹೊತ್ತಿದೆ, ಮುಖ ತೊಳ್ಕೊಂಡು ಬಾ’ ಎಂದೆ. ನನ್ನ ಮೊಮ್ಮಗಳು ಆ ಹೊತ್ತಿಗೆ ಹಗ್ಗ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು.

ಐದೂವರೆಗೆ ಚರ್ಚು ತಲುಪಿದಾಗ ಒಳಗೆ ಸಂಜೆಯ ಪ್ರಾರ್ಥನೆ ನಡೆದಿತ್ತು. ಮಾನ್ಯ ಹೊರಗೆ ಮೆಟ್ಟಿಲ ಮೇಲೆ ಕ್ಯಾರಲಮ್ಮನ ಪಕ್ಕ ಕೂತಿದ್ದಳು. ಅಂಗೈ ಎರಡೂ ಕೆಂಪಗೆ.

“ತಾತ, ಎಲ್ಲಿ ಹೋಗಿದ್ರಿ?”

“ಯಾಕೆ ಪುಟ್ಟಿ, ಇನ್ನೂ ಅರ್ಧ ಗಂಟೆ ಇದೆಯಲ್ಲ. ಆರು ಗಂಟೆಗೆ ಅಂದ್ಯಲ್ಲ?”

ಅವಳು ನನ್ನ ಮುಖವನ್ನೇ ನೋಡಿದಳು. “ನಾನು ‘ಗೆ’ ಹೇಳಿಲ್ಲ, ತಾತ. ಆರು ಗಂಟೆ ಹೇಳಿದೆ. ನಂಬರ್ ಸಿಕ್ಸ್. ಮೈ ಬೆಲ್!”

ನಾನು ಅಲ್ಲೇ ಕೂತೆ. ಅಷ್ಟು ದಿನ ಅವಳು ಹಗುರವಾದ ಎರಡನೇ ಗಂಟೆಯಲ್ಲಿ ಕಲಿಯುತ್ತಿದ್ದವಳು. ಭಾರವಾದ ಆರನೆಯದನ್ನು ನಂಬಿ ಕೈಗೆ ಕೊಟ್ಟಿದ್ದರು. ಆ ಸಂತೋಷವನ್ನು ಅವಳು ನನ್ನ ಕಾನೂನಿನಂತೆ ಕನ್ನಡದಲ್ಲಿ ಹೇಳಿದ್ದಳು. ‘ಆರನೇ’ ಎನ್ನುವಲ್ಲಿ ‘ನೇ’ ಬಿಟ್ಟಿದ್ದಳು, ಅಷ್ಟೆ. ಆ ಖಾಲಿ ಜಾಗಕ್ಕೆ ನಾನು ‘ಗೆ’ ತಂದು ಕೂರಿಸಿದೆ. ಇಂಗ್ಲಿಷಿನಲ್ಲಿ ‘ಬೆಲ್ ಸಿಕ್ಸ್’ ಎಂದಿದ್ದರೆ ನನ್ನಂಥವನಿಗೂ ತಿಳಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಹೊತ್ತಿಗೂ ಗಂಟೆ, ಬಾರಿಸುವುದಕ್ಕೂ ಗಂಟೆ. ಕೈಗಡಿಯಾರವಿಲ್ಲದ ಕಾಲದಲ್ಲಿ ಬಾರಿಸಿದಾಗಲೇ ಹೊತ್ತು ಗೊತ್ತಾಗುತ್ತಿದ್ದುದರಿಂದ ಹೀಗೆ ಒಂದೇ ಮಾತು ಆಯಿತೋ ಏನೋ. ಆ ಮಾತಿನ ಅನ್ನವನ್ನೇ ಉಂಡವನು ನಾನು. ನನಗೇ ಅದು ಎರಡೆಂದು ಹೊಳೆಯಲಿಲ್ಲ.

ಕ್ಯಾರಲಮ್ಮ ಹೇಳಿದ್ದನ್ನು ಪ್ರಶಾಂತ ಕನ್ನಡ ಮಾಡಿ ಹೇಳಿದ. ಎಂಟು ಜನರೂ ಹಗ್ಗ ಹಿಡಿದು ನನಗಾಗಿ ಕಾದರಂತೆ. ಪ್ರಾರ್ಥನೆಗೆ ಮೊದಲು ಮುಗಿಸಬೇಕಾಗಿದ್ದರಿಂದ ಬೇರೆ ದಾರಿ ಇಲ್ಲದೆ ಶುರು ಮಾಡಿದರಂತೆ. ಕಿಟಕಿಯ ಪಕ್ಕ ಹಾಕಿದ್ದ ನನ್ನ ಕುರ್ಚಿಯನ್ನು ಮುಗಿಯುವವರೆಗೂ ಯಾರೂ ತೆಗೆಯಲಿಲ್ಲವಂತೆ.

“ನಾನು ಚೇರ್ ನೋಡ್ಲಿಲ್ಲ” ಎಂದಳು ಮಾನ್ಯ. “ನೋಡಿದ್ರೆ ತಪ್ಪಾಗ್ತಿತ್ತು.”

ಇನ್ನೊಂದು ಸಲ, ಒಂದೇ ಒಂದು ಸಲ ಬಾರಿಸಿ ತೋರಿಸಲಾಗದೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾಲಿಗೆಗಳನ್ನು ಆಗಲೇ ಕಟ್ಟಿಯಾಗಿತ್ತು. ಸರೋಜ ಕೋಡುಬಳೆಯ ಡಬ್ಬಿಯನ್ನು ಕ್ಯಾರಲಮ್ಮನ ಕೈಗಿಟ್ಟಳು. ಬರುವಾಗ ಕಾರಿನಲ್ಲಿ ಹೇಳಿದಳು, “ಲಾಂಗ್ ಬೆಲ್ ಆದ್ಮೇಲೆ ಪ್ರಾರ್ಥನೆಗೆ ಬಂದ ಹುಡುಗನ ಥರ ಆಯ್ತಲ್ರೀ ನಿಮ್ಮ ಕಥೆ.” ಅದಕ್ಕೆ ಮಾನ್ಯಳೇ ಮೊದಲು ನಕ್ಕಳು, ನನ್ನ ತೋಳಿಗೆ ತಲೆಯೊರಗಿಸಿಕೊಂಡು. ಅದರಿಂದ ನನ್ನ ಸಂಕಟ ಇನ್ನೂ ಹೆಚ್ಚಾಯಿತು.

ಗೆಳತಿಯ ತಾಯಿ ಚರ್ಚಿನ ತೋಟದಲ್ಲಿ ನಿಂತು ಫೋನಿನಲ್ಲಿ ಅಷ್ಟನ್ನೂ ಹಿಡಿದಿದ್ದಳು. ಮಾನ್ಯ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಕೇಳಿದೆ. ಎಂಟು ಗಂಟೆಗಳು ಒಂದರ ಹಿಂದೊಂದು, ಮೆಟ್ಟಿಲಿಳಿಯುವ ನೀರಿನ ಹಾಗೆ. “ಇದರಲ್ಲಿ ನಿನ್ನದು ಯಾವುದು ಪುಟ್ಟಿ?” ಎಂದೆ.

“ತಾತ, ನನ್ನದು ಬೇರೆ ಕೇಳಬಾರದು. ಎಲ್ಲಾ ಸೇಮ್ ಗ್ಯಾಪ್ ಇರಬೇಕು. ಬೇರೆ ಕೇಳಿದ್ರೆ ನಾನು ತಪ್ಪು ಮಾಡಿದೀನಿ ಅಂತ.”

ಈ ಸಲ ಒಂದಕ್ಷರವನ್ನೂ ಸೇರಿಸದೆ ಕೇಳಿಸಿಕೊಂಡೆ.

ಈಗ ಊರಿಗೆ ಬಂದಿದ್ದೇನೆ. ಬೆಳಿಗ್ಗೆ ಕಾಫಿ ಆದಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂರುತ್ತೇನೆ. ಎಲ್ಲಾದರೂ ಒಂದು ಗಂಟೆ ತಡವರಿಸಲಿ, ಒಂದೇ ಒಂದು ಸಲ ಅವಸರಪಟ್ಟು ಪಕ್ಕದ್ದರ ಮೇಲೆ ಬೀಳಲಿ, ಇಗೋ ಇದು ನಮ್ಮ ಹುಡುಗಿ ಎಂದು ಹಿಡಿದುಬಿಡುತ್ತೇನೆ ಎಂದು ಕಾಯುತ್ತೇನೆ. ಮೊಮ್ಮಗಳು ತಪ್ಪು ಮಾಡಲಿ ಎಂದು ಹಾರೈಸಿಕೊಂಡು ಕೂರುವ ತಾತನನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ. ನಿನ್ನೆಯೂ ಮೊದಲಿಂದ ಕೊನೆಯವರೆಗೆ ಕೇಳಿದೆ. ಹಾಳು ಹುಡುಗಿ, ಎಲ್ಲೂ ಒಂದು ತಪ್ಪಿಲ್ಲ.