ದೋಣಿ ದಡ ಸೇರಿದ ಮೇಲೆ ಎಣಿಸಿದವರು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಜನಗಣತಿಯ ಮಾತು ಬಂದಾಗ ಶಿಕ್ಷಕರೂ ಕಚೇರಿಯವರೂ ಮೊದಲು ನೆನೆಯುವ ಹೆಸರು ಶ್ರೀಮತಿ ಮಂಗಲಾ ಮೇಸ್ತ ಅವರದು. ಮೂರೂವರೆ ದಶಕ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ಕಲಿಸಿ, ನಡುವೆ ಬಂದ ಒಂದೊಂದು ಗಣತಿಯಲ್ಲೂ ಬಿಸಿಲೆನ್ನದೆ ಹೊಳೆಯೆನ್ನದೆ ಮನೆಮನೆ ಸುತ್ತಿ, ಈ ಮೇ ತಿಂಗಳ ಕೊನೆಗೆ ನಿವೃತ್ತರಾದ ನಮ್ಮ ಮಂಗಲಕ್ಕೋರ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯಿರೆಂದು ಸಂಪಾದಕರು ಕೇಳಿದಾಗ, ಒಂಬತ್ತನೇ ಇಯತ್ತೆ ಅರ್ಧಕ್ಕೆ ಬಿಟ್ಟು ಬೋಟು ಹತ್ತಿದ ನಾನು ಒಂದೇ ಮಾತಿಗೆ ಒಪ್ಪಿದೆ. ಅವರ ಪಾಠವನ್ನು ಹೊಗಳುವವರು ಬೇಕಷ್ಟಿದ್ದಾರೆ. ಅವರ ಗಣತಿಯ ಕೆಲಸವನ್ನು ಹೊಗಳುವವರಿಲ್ಲ. 'ತಲೆ ಎಣಿಸೂದು ಎಂತ ದೊಡ್ಡ ಕೆಲಸ' ಎಂದು ಮೂಗು ಮುರಿಯುವ ಪಂಡಿತರು ಈ ಪುಟಗಳನ್ನು ಹಾರಿಸದೆ ಓದಬೇಕು.

ಅಕ್ಕೋರ ಸೇವೆ ಶುರುವಾದದ್ದು ಗೇರುಸೊಪ್ಪದ ಕಡೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ೧೯೯೧ರ ಗಣತಿ ಬಂತು. ಗಣತಿಯೆಂದರೆ ಗೊತ್ತುಪಡಿಸಿದ ಒಂದು ಗಳಿಗೆಯಲ್ಲಿ ಈ ದೇಶದಲ್ಲಿ ಯಾರು ಯಾರು ಇದ್ದರು ಎಂಬ ಲೆಕ್ಕ. ಮನೆಗೆ ಹೋಗಿ ಬಂದ ಮೇಲೆ, ಆ ಗಳಿಗೆಯೊಳಗೆ ಹುಟ್ಟಿದವರನ್ನು ಸೇರಿಸಬೇಕು, ಸತ್ತವರನ್ನು ತೆಗೆಯಬೇಕು. ಹೊಳೆಯಾಚೆಯ ಮನೆಯೊಂದರಲ್ಲಿ ದಿನ ತುಂಬಿದ ಬಸುರಿಯೊಬ್ಬರಿದ್ದರು. ಅಕ್ಕೋರು ಮತ್ತೆ ದೋಣಿ ದಾಟಿ ಹೋದರು. ಕೂಸು ಹುಟ್ಟಿತ್ತು, ಲೆಕ್ಕಕ್ಕೆ ಸೇರಿತು. ಆ ಕೂಸೇ ಸುಷ್ಮಾ, ಈಗ ಹೊನ್ನಾವರ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. "ನನ್ಗೆ ಹೆಸ್ರಿಡೂಕಿಂತ ಮುಂಚೇನೇ ಸರ್ಕಾರ ನನ್ನ ಎಣಿಸಿತ್ತು" ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾರೆ. ಕೊಚ್ಚಿಕೊಳ್ಳಲಿ, ತಪ್ಪೇನು?

ಮುಂದಿನ ಗಣತಿಯ ಹೊತ್ತಿಗೆ ಅಕ್ಕೋರು ಧಾರೇಶ್ವರದಲ್ಲಿದ್ದರು. ಅಲ್ಲಿ ನನ್ನ ಚಿಕ್ಕಮ್ಮ ರೇಖಾ ಮೀನು ಬುಟ್ಟಿ ಹೊತ್ತು ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಚಿಕ್ಕಪ್ಪ ಮುಂಬಯಿಗೆ ಹೋದವರು ಮರಳಿರಲಿಲ್ಲ. ಅಕ್ಕೋರು ಗಣತಿಗೆ ಬಂದ ದಿನದ ಮಾತುಕತೆಯನ್ನು ಚಿಕ್ಕಮ್ಮ ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ.

"ಯಜಮಾನ್ರು ಯಾರು?"

"ಅವ್ರೇಯ."

"ಎಲ್ಲಿದ್ರು?"

"ನೀವೇ ಹುಡುಕಿ ಕೊಟ್ರೆ ಪುಣ್ಯ ಬರ್ತದೆ ಅಕ್ಕೋರೆ."

"ಹಂಗಾದ್ರೆ ಮನೆ ನಡೆಸೂದು ಯಾರು?"

"ನಾನೇಯ, ಮತ್ಯಾರು?"

"ಉದ್ಯೋಗ ಎಂತ?"

"ಎಂತದೂ ಇಲ್ಲ. ಮನೇಲೇ ಇರೂದು."

"ಹೌದಾ? ಆ ಬುಟ್ಟಿ ತನ್ನಷ್ಟಕ್ಕೆ ತಾನೇ ಕುಮಟಾ ಪೇಟೆಗೆ ನಡ್ಕೊಂಡು ಹೋಗ್ತದಾ?"

ಚಿಕ್ಕಮ್ಮ ನಕ್ಕುಬಿಟ್ಟರು. ಮನೆಯ ಯಜಮಾನಿ ತಾನು, ಉದ್ಯೋಗ ಮೀನು ಮಾರಾಟ ಎಂದು ತಮ್ಮ ಬಾಯಾರೆ ಹೇಳಿದರು. ಸಾವಿರಾರು ಹೆಂಗಸರು 'ಎಂತದೂ ಇಲ್ಲ' ಎಂದದ್ದನ್ನು ಹಾಗೇ ಗೀಚಿಕೊಂಡು ಹೋದವರಿಂದಾಗಿ, ಈ ಕರಾವಳಿಯಲ್ಲಿ ಹೆಂಗಸರು ದುಡಿಯುವುದೇ ಇಲ್ಲವೆಂದು ದೆಹಲಿಯಲ್ಲಿ ಕುಳಿತವರು ತಿಳಿದುಕೊಂಡರೆ ಅದಕ್ಕೆ ಯಾರನ್ನು ಬೈಯೋಣ?

ಬೈಯುವ ವಿಷಯಕ್ಕೆ ಬಂದೆನಾದ್ದರಿಂದ ನಮ್ಮ ಮಳಲಕೇರಿಯ ಸಂಗತಿಯನ್ನು ಹೇಳಿಯೇಬಿಡುತ್ತೇನೆ. ಶಿರಾಲಿಯಿಂದ ಕಡಲ ಕಡೆಗಿರುವ ನಮ್ಮ ಕೇರಿಯ ಸಣ್ಣ ಮಕ್ಕಳು ಅಂಗನವಾಡಿಗೆ ಹೋಗಬೇಕಾದರೆ ಹೆದ್ದಾರಿ ದಾಟಬೇಕು. ಅತ್ತಿಗೆ ಸುಮಿತ ಕೂಸನ್ನು ಸೊಂಟಕ್ಕೇರಿಸಿ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಓಡುವುದನ್ನು ಕಂಡು ಕಂಡು ನಾನು ಅರ್ಜಿ ಹಿಡಿದು ಕಚೇರಿಗೆ ಹೋದೆ. "ನಿಮ್ಮ ಕೇರಿಯಲ್ಲಿ ಅಷ್ಟು ಜನವೇ ಇಲ್ಲವಲ್ಲ" ಎಂದರು. ಹಿಂದಿನ ಗಣತಿ ಹಾಗೆ ಹೇಳುತ್ತದಂತೆ. ನಾನು ಅಲ್ಲಿ ಆಡಿದ ಮಾತುಗಳನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕಲಾಗದು.

ಅದೇ ಸಿಟ್ಟಿನಲ್ಲಿ ನೇರ ಅಕ್ಕೋರ ಮನೆಗೆ ಹೋದೆ. ಶಿರಾಲಿಯ ಶಾಲೆಯಲ್ಲಿ ನನಗೆ ಮಗ್ಗಿ ಕಲಿಸಿದವರಲ್ಲವೇ, ಅವರ ಮುಂದೆ ಕೂಗಾಡುವ ಹಕ್ಕು ನನಗಿದೆ. ಪೂರ್ತಿ ಕೇಳಿಸಿಕೊಂಡು, "ಕೂಗಿ ಆತಾ? ಗಂಟ್ಲು ಒಣಗಿದ್ರೆ ನೀರು ಕುಡಿ ತಮಾ" ಎಂದರು. "ನಾಳೆ ಅಪ್ಪ, ಅಣ್ಣ ಕಡಲಿಗೆ ಹೋದ ಮೇಲೆ, ಮನೇಲಿ ಎಷ್ಟು ಜನ ಅಂತ ನಿನ್ನ ಅಮ್ಮನ್ನೇ ಕೇಳು."

ಕೇಳಿದೆ. ಅಮ್ಮನ ಹೆಸರು ಮಾಸ್ತಮ್ಮ. ಕೇರಿಯಲ್ಲಿ ಯಾರಿಗೂ ಅಂಜದ ಹೆಂಗಸು. "ನಾನು, ಸುಮಿತ, ಕೂಸು, ಇಲ್ಲಿ ಬಿದ್ಕೊಂಡಿರೂ ನೀನು" ಎಂದಳು.

"ಅಪ್ಪ? ವೆಂಕಟಣ್ಣ?"

"ಬಾಯಿ ಮುಚ್ಚು! ನೀರ ಮೇಲಿದ್ದವ್ರನ್ನ ಎಣಿಸ್ತ್ರಾ ಯಾರಾದ್ರೂ?"

ಕಡಲಿಗೆ ಹೋದವರನ್ನು ದಡದಲ್ಲಿ ಕುಳಿತು ಎಣಿಸಿದರೆ ಕಡಲೂ ಎಣಿಸಲು ಕೂರುತ್ತದೆಂಬುದು ನಮ್ಮ ಹೆಂಗಸರ ನಂಬಿಕೆ. ಹಿಂದಿನ ಗಣತಿಯವರು ಬಂದದ್ದು ಫೆಬ್ರುವರಿಯಲ್ಲಿ, ಮೀನುಗಾರಿಕೆಯ ಭರ್ತಿ ಹಂಗಾಮಿನಲ್ಲಿ. ಕೇರಿಯ ಗಂಡಸರಲ್ಲಿ ಮುಕ್ಕಾಲು ಪಾಲು ಹಾಗೆಯೇ ಲೆಕ್ಕದಿಂದ ತಪ್ಪಿದ್ದರು.

ಈ ಬೇಸಿಗೆಯಲ್ಲಿ ಹೊಸ ಗಣತಿಯ ಮೊದಲ ಹಂತ ಬಂತು. ಮನೆಗಳಿಗೆ ನಂಬರು ಹಾಕಿ, ಮಾಡು, ಗೋಡೆ, ನೀರು, ಶೌಚಾಲಯ, ವಾಸವಿರುವ ಜನ ಎಲ್ಲವನ್ನೂ ಕೇಳಿ ಮೊಬೈಲಿಗೆ ತುಂಬುವ ಕೆಲಸ. ಒಬ್ಬೊಬ್ಬರ ವಯಸ್ಸು, ಓದು, ಉದ್ಯೋಗ ವಿಚಾರಿಸುವ ಎರಡನೆಯ ಹಂತ ಬರುವ ಫೆಬ್ರುವರಿಯಲ್ಲಿ. ನಮ್ಮ ಕೇರಿಯ ಗಣತಿದಾರರು ಘಟ್ಟದ ಮೇಲಿಂದ ವರ್ಗವಾಗಿ ಬಂದ ಉಮೇಶ ಮಾಸ್ತರರು, ಮೇಲ್ವಿಚಾರಕರು ಮಂಗಲಕ್ಕೋರು.

ಹುಣ್ಣಿಮೆಯ ಬೆಳಕಿಗೆ ಮೀನು ಚದುರುವುದರಿಂದ ನಮ್ಮವರು ಆಗ ದಡದಲ್ಲೇ ಕುಳಿತು ಬಲೆ ಸರಿಮಾಡುತ್ತಾರೆ. ಅಕ್ಕೋರು ಮಳಲಕೇರಿಗೆ ಆ ದಿನಗಳನ್ನೇ ಗೊತ್ತುಮಾಡಿದರು. ನಂಬಿಕೆಯನ್ನು ಬಿಡಿರೆಂದು ಯಾರಿಗೂ ಬುದ್ಧಿ ಹೇಳಲು ಹೋಗಲಿಲ್ಲ. ಒಣಮೀನಿನ ಶೆಡ್ಡುಗಳನ್ನೆಲ್ಲ ಮಾಸ್ತರರು ಗೋದಾಮೆಂದು ಬರೆಯಹೊರಟಾಗ ಅಕ್ಕೋರು, "ಒಳಗೆ ಒಲೆ ಉಂಟಾ ನೋಡಿದ್ರಾ?" ಎಂದು ಕೇಳಿದರು. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ, ಅದು ಗಣತಿಯ ಕಾನೂನು. ಶೆಡ್ಡಿನೊಳಗಿಂದ ಸಣ್ಣಮ್ಮಜ್ಜಿ, "ಒಲೆ ಉಂಟು, ಚಾನೂ ಉಂಟು, ಬಗ್ಗಿ ಬರ್ರಿ, ತಲೆ ತಾಗ್ತದೆ" ಎಂದರಂತೆ.

ನಮ್ಮ ಮನೆಯೊಂದರಲ್ಲೇ ತೊಡಕಾಯಿತು. ಅಪ್ಪ, ಅಣ್ಣ ದಡದಲ್ಲಿದ್ದರು. ಎಂಜಿನ್ ಕೆಟ್ಟ ಬೋಟಿನಲ್ಲಿ ನಾನಿನ್ನೂ ನೀರ ಮೇಲಿದ್ದೆ. ಅಮ್ಮ ಐದು ಜನ ಎಂದು ಹೇಳಿ ಒಳಗೆ ಹೋದಳು.

"ಹುಡುಗ ಇರೂದು ನಮ್ಗೆ ಗೊತ್ತೇ ಇದ್ಯಲ್ಲ ಮೇಡಂ, ಸೇರಿಸಿಬಿಡೋಣ" ಎಂದರು ಮಾಸ್ತರರು.

"ನಮ್ಗೆ ಗೊತ್ತಿದ್ದದ್ದನ್ನ ಬರೆಯೂದಾದ್ರೆ ಮನೆ ಬಾಗಿಲಿಗೆ ಬರೂದು ಎಂತಕ್ಕೆ? ಅವ್ರ ಬಾಯಲ್ಲೇ ಬರ್ಲಿ."

ಹಾಗೆಂದವರು ಮರುದಿನ ಬಂದರು, ಅದರ ಮರುದಿನವೂ ಬಂದರು. ಅಮ್ಮ ಪಾನಕ ಕೊಟ್ಟಳು, ನನ್ನ ಹೆಸರೆತ್ತಲಿಲ್ಲ. ಅಕ್ಕೋರೂ ಎತ್ತಲಿಲ್ಲ. ಇಬ್ಬರೂ ಜಗಲಿಯಲ್ಲಿ ಕುಳಿತು ಕಡಲ ಕಡೆ ನೋಡುತ್ತಿದ್ದರೆಂದು ಅತ್ತಿಗೆ ಹೇಳುತ್ತಾಳೆ. ಇನ್ನೊಂದು ಬೋಟಿನ ಹಗ್ಗಕ್ಕೆ ಕಟ್ಟಿಸಿಕೊಂಡು ದಡ ಮುಟ್ಟಿದ ನಾನು ಮನೆಗೆ ಬಂದಾಗ ಅಮ್ಮ ಮೊದಲು ನೋಡಿದ್ದು ಮಳಲು ಮೆತ್ತಿದ ನನ್ನ ಕಾಲನ್ನು. ಅತ್ತಿಗೆ ನಡೆದದ್ದನ್ನೆಲ್ಲ ಹೇಳಿದೊಡನೆ ನನ್ನ ಪಿತ್ತ ನೆತ್ತಿಗೇರಿತು.

"ಹಾಂಗಾದ್ರೆ ಇಷ್ಟು ದಿನ ನಾನು ಸತ್ತೋದವ್ನಾ?"

"ಹುಚ್ಚಾ, ಸಾಯ್ದೇ ಇರ್ಲಿ ಅಂತ್ಲೇ ಎಣಿಸ್ಲಿಲ್ಲ" ಎಂದಳು ಅಮ್ಮ. ಆಮೇಲೆ ಅವತ್ತೂ ಜಗಲಿಯಲ್ಲಿ ಕುಳಿತಿದ್ದ ಅಕ್ಕೋರ ಕಡೆ ತಿರುಗಿ, "ಆರು ಜನ. ಈಗ ಬರ್ಕಳಿ" ಎಂದಳು.

ಅಂಗನವಾಡಿ ಇನ್ನೂ ಬಂದಿಲ್ಲ. ಬರುತ್ತದೆ. ಮಳಲಕೇರಿಯ ಒಲೆಗಳೆಲ್ಲ ಈಗ ಲೆಕ್ಕದಲ್ಲಿವೆ. ಫೆಬ್ರುವರಿಯಲ್ಲಿ ಜನರೂ ಸೇರಿದರೆ, ಇಲ್ಲಿ ಜನವೇ ಇಲ್ಲವೆನ್ನಲು ಯಾವ ಕಚೇರಿಗೂ ಬಾಯಿರುವುದಿಲ್ಲ. ಅಂದಹಾಗೆ ಫೆಬ್ರುವರಿಗೆ ಅಕ್ಕೋರು ಮೇಲ್ವಿಚಾರಕರಲ್ಲ. ಸರ್ಕಾರ ಅವರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದೆ. ನಮ್ಮ ಅಮ್ಮ ಅದನ್ನು ಒಪ್ಪಿಲ್ಲ. ಬೀಳ್ಕೊಡುಗೆಗೆ ಬಂದವಳು, ಮೀನು ಮಾರುವ ಗಂಟಲಲ್ಲೇ ಎಲ್ಲರೆದುರು ಹೇಳಿದಳು: "ನೀವು ಜಗಲೀಲಿ ಕೂರದಿದ್ರೆ ನಾ ಯಾವ ಸರ್ಕಾರಕ್ಕೂ ಎಂತದೂ ಹೇಳೂದಿಲ್ಲ ಕಾಣಿ." ಅಕ್ಕೋರು "ಆತು, ಬತ್ತೆ ಮಾರಾಯ್ತಿ" ಎಂದಿದ್ದಾರೆ. ಸಾಕ್ಷಿಗೆ ಇಡೀ ಸಭೆಯಿದೆ.

ನಮ್ಮ ಅಕ್ಕೋರು ಇನ್ನೂ ಮೂರು ಗಣತಿಗಳಿಗೆ ತಮ್ಮ ವಯಸ್ಸನ್ನು ತಮ್ಮ ಬಾಯಿಂದಲೇ ಹೇಳುವಂತಾಗಲಿ. ಉದ್ಯೋಗವೇನೆಂದು ಕೇಳಿದರೆ 'ಎಂತದೂ ಇಲ್ಲ' ಎನ್ನದಿರಲಿ. ಈ ಫೆಬ್ರುವರಿಯಲ್ಲಿ ಅವರು ಬರುವ ದಿನ ಯಾವುದೆಂದು ಮೊದಲೇ ತಿಳಿಸಿದರೆ, ನಮ್ಮ ಬೋಟು ಅವತ್ತು ದಡದಲ್ಲಿರುತ್ತದೆ.

ಅನೂಪ ಮೊಗೇರ, ಮಳಲಕೇರಿ