ಏಳು ಕಡೆ ಕೂತ ಐದು ಸಾಲು

ಜಾವಾದಲ್ಲಿ ಲಕ್ಷಗಟ್ಟಲೆ ಜನರ ಹೆಸರು ಒಂದೇ ಪದ. ಹಿಂದೆ ಮುಂದೆ ಏನೂ ಇಲ್ಲ. ಅಲ್ಲಿ ಕೂತು ಕಂಪ್ಯೂಟರ್ ಫಾರಂ ಮಾಡುವವರು ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮಲಾಂಗ್ ಊರಿನ ವುರ್ಯಾನಿಗೆ ಗೊತ್ತಿತ್ತು. ಅವಳದೂ ಒಂದೇ ಪದ. ಆದರೂ ಒಂಬತ್ತು ವರ್ಷದ ಹಿಂದೆ, ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿದ ಹೊಸತರಲ್ಲಿ, ಒಂದು ಹಲ್ಲಿನ ಆಸ್ಪತ್ರೆಗೆ ಐದು ಸಾಲು ಕೋಡ್ ಬರೆದಳು. ಕೊನೆಯ ಹೆಸರಿನ ಜಾಗ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುತ್ತಿರಲಿಲ್ಲ. ಹಾಗಾದರೆ ಇರುವ ಹೆಸರನ್ನೇ ಎರಡು ಸಲ ತುಂಬು ಎಂದು ಕಂಪ್ಯೂಟರಿಗೆ ಹೇಳಿದಳು. ಪಕ್ಕದಲ್ಲಿ 'ಸದ್ಯಕ್ಕೆ' ಎಂದು ಬರೆದು ತನ್ನ ಹೆಸರು ಹಾಕಿದಳು.

ಸದ್ಯಕ್ಕೆ ಅನ್ನುವುದು ಬಹಳ ಗಟ್ಟಿ ಮಾಲು. ಆಮೇಲೆ ಶಾಲೆಯ ಕೆಲಸ ಬಂತು, ಬಸ್ ಟಿಕೆಟಿನದು ಬಂತು, ಕಣ್ಣಾಸ್ಪತ್ರೆಯದು ಬಂತು, ಇನ್ನೂ ಮೂರು ಬಂದವು. ಪ್ರತಿ ತಂಡವೂ ಅವಳ ಸಾಲುಗಳನ್ನು ಎತ್ತಿ ತನ್ನದರಲ್ಲಿ ಅಂಟಿಸಿಕೊಂಡಿತು. ಮೂಲವೂ ಸೇರಿ ಏಳು ಕಡೆ. ಎರಡು ವರ್ಷದ ಹಿಂದೆ ಹಲ್ಲಿನ ಆಸ್ಪತ್ರೆಯವರು ದೂರಿದಾಗ ವುರ್ಯಾನಿ ಅಲ್ಲಿ ತಿದ್ದಿದಳು. ಮಿಕ್ಕ ಕಡೆ ಯಾರೂ ದೂರಿರಲಿಲ್ಲ. ಅವಳೂ ಕೇಳಲಿಲ್ಲ.

ವುರ್ಯಾನಿಯ ಗಲ್ಲಿಯ ಬಾಯಲ್ಲಿ ಪೆಚೆಲ್ ಎಂಬ ಸೊಪ್ಪಿನ ತಿಂಡಿ ಮಾರುವ ಮುದುಕಿ ಪೊನಿಯೆಮ್‌ಗೆ ಎರಡೂ ಕಣ್ಣಿಗೆ ಪೊರೆ. ಅದೇ ಎರಡು ವರ್ಷದಲ್ಲಿ ಕಣ್ಣಾಸ್ಪತ್ರೆಯವರು ಅವಳನ್ನು ಮೂರು ಸಲ ವಾಪಸ್ ಕಳಿಸಿದ್ದರು. ವಿಮಾ ಕಾರ್ಡಿನಲ್ಲಿ ಪೊನಿಯೆಮ್, ಅವರ ಪರದೆಯಲ್ಲಿ ಪೊನಿಯೆಮ್ ಪೊನಿಯೆಮ್. ಇವರಿಬ್ಬರೂ ಬೇರೆ ಎಂದು ಕಂಪ್ಯೂಟರ್ ತೀರ್ಮಾನಿಸಿತ್ತು.

"ನಾನಿರೋದು ಒಬ್ಳೇ ಮಗಳೇ. ಇನ್ನೊಬ್ಳನ್ನ ಎಲ್ಲಿಂದ ಕರ್ಕೊಂಡು ಹೋಗ್ಲಿ?" ಎಂದು ಪೊನಿಯೆಮ್ ತಿನ್ನಲು ಬಂದ ವುರ್ಯಾನಿಗೆ ಹೇಳಿ, ನಗುತ್ತ ಸೊಪ್ಪಿನ ಮೇಲೆ ಶೇಂಗಾ ಗೊಜ್ಜು ಸುರಿದಳು. ಅರ್ಧ ಗೊಜ್ಜು ಎಲೆಯಾಚೆ ಬಿತ್ತು.

ವುರ್ಯಾನಿ ಚೆಲ್ಲಿದ್ದನ್ನು ಒರೆಸಿಕೊಟ್ಟಳು. ಮರುದಿನ ಕಣ್ಣಾಸ್ಪತ್ರೆಯ ಕೋಡ್ ತೆರೆದು ನೋಡಿದಳು. ಅದೇ ಐದು ಸಾಲು, ಪಕ್ಕದಲ್ಲಿ ತನ್ನದೇ ಹೆಸರು.

ಅಲ್ಲೊಂದಿಷ್ಟು ತಿದ್ದಿ ಕೈ ತೊಳೆದುಕೊಳ್ಳಬಹುದಿತ್ತು. ತೊಳೆದುಕೊಳ್ಳಲಿಲ್ಲ. ಸರಿಯಾದ ಸಾಲುಗಳನ್ನು ಒಂದೇ ಜಾಗದಲ್ಲಿಟ್ಟು, ಎಲ್ಲ ತಂಡಗಳೂ ನಕಲು ಕಿತ್ತುಹಾಕಿ ಅಲ್ಲಿಂದಲೇ ತೆಗೆದುಕೊಳ್ಳಬೇಕು, ಅಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ ಎಂದಳು. ಬಸ್ ಟಿಕೆಟಿನ ತಂಡದ ಗಿಲಾಂಗ್ ಬೇಡವೆಂದು ತಲೆಯಾಡಿಸಿಬಿಟ್ಟ.

"ನಿಮ್ಮದೊಂದು ಕೆಟ್ರೆ ಏಳೂ ಮುಳುಗ್ತವಲ್ಲ, ವುರ್ಯಾನಿ ಮೇಡಂ?"

"ಮುಳುಗ್ಲಿ ತಮ್ಮಾ. ಏಳು ಕಡೆಯವ್ರೂ ಬಾಯಿ ಬಡ್ಕೊಂಡ್ರೆ ಮಧ್ಯಾಹ್ನದೊಳಗೆ ಸರಿ ಮಾಡ್ತೀವಿ. ಇಷ್ಟು ದಿನ ಮುದುಕಿ ಒಬ್ಳೇ ಬಡ್ಕೊಂಡ್ಳು, ನಮಗೆ ಕೇಳಿಸ್ತಾ?"

ಯೋಚಿಸ್ತೀನಿ ಅಂದ ಗಿಲಾಂಗ್. ಇನ್ನೂ ಯೋಚಿಸುತ್ತಿದ್ದಾನೆ. ಒಪ್ಪಿಕೊಂಡದ್ದು ನಾಲ್ಕು ತಂಡ, ಕಣ್ಣಾಸ್ಪತ್ರೆಯದೂ ಸೇರಿ. ನಾಲ್ಕನೇ ಸಲ ಹೋದಾಗ ಪೊನಿಯೆಮ್ ಪರದೆಯಲ್ಲೂ ಒಬ್ಬಳೇ ಇದ್ದಳು. ಎಡಗಣ್ಣಿನ ಪೊರೆ ತೆಗೆದರು. ಬಲಗಣ್ಣಿನದು ಬಲಿತು, ಕಣ್ಣಿನೊಳಗೆ ಒತ್ತಡ ಏರಿ ನರವೇ ಸತ್ತಿತ್ತು. ಒಂದು ವರ್ಷ ಮುಂಚೆ ಬರಬೇಕಿತ್ತು ಎಂದರು ವೈದ್ಯರು. ಬಂದಿದ್ದಳು, ಅದಕ್ಕೂ ಮುಂಚೆಯೇ ಎರಡು ಸಲ.

ಆ ಕಣ್ಣು ಹೋದದ್ದು ಯಾರಿಂದ ಎಂದರೆ ವುರ್ಯಾನಿ ತನ್ನ ಹೆಸರು ಹೇಳುತ್ತಾಳೆ. ಕೋಡ್ ಬರೆಯುವ ನೀವೂ ಎಲ್ಲಿಂದಲೋ ಎತ್ತಿ, ಎಲ್ಲೆಲ್ಲೋ ಅಂಟಿಸಿ ಮರೆತವರೇ. ಎಷ್ಟು ಕಡೆ ಎಂದು ಇವತ್ತು ಹುಡುಕಿ. ಯಾರೂ ದೂರಿಲ್ಲ ಎನ್ನಬೇಡಿ, ಕಿತ್ತುಹಾಕಿ.