ಗುತ್ಯಪ್ಪನ ಹಸೆಗೋಡೆ

ಆಗೆಲ್ಲ ಗಂಡಸು ಚಿತ್ತಾರದ ಕುಂಚ ಮುಟ್ಟಿದರೆ ಮೀಸೆ ಉದುರುತ್ತದೆ ಅನ್ನುತ್ತಿದ್ದರು. ಉಳುವುದು, ಕಡಿಯುವುದು, ಹೊರುವುದು ಅವರ ಕೆಲಸ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುವುದು ಹೆಂಗಸರ ಕೆಲಸ. ಮದುವೆ ಮನೆಯಲ್ಲಿ ಹಾಗೆ ಬರೆದ ಗೋಡೆಯ ಮುಂದೆಯೇ ಗಂಡುಹೆಣ್ಣನ್ನು ಕೂರಿಸುತ್ತಿದ್ದರು. ಅದಕ್ಕೆ ಹಸೆಗೋಡೆ ಅಂತ ಹೆಸರು. ಈಗ ಅದೇ ಚಿತ್ತಾರ ಹೋಟೆಲಿನ ಗೋಡೆಯ ಮೇಲೂ ಇದೆ, ಬರೆಯುವವರು ಮೀಸೆ ಬಿಟ್ಟ ಹುಡುಗರು. ಬರೆಯಲಿ. ನನ್ನ ಸಿಟ್ಟು ಅವರ ಮೇಲಲ್ಲ.

ನನ್ನ ಸಿಟ್ಟು ಮೊನ್ನೆ ನೋಡಿದ ಸಿನಿಮಾದ ಮೇಲೆ. ಅದು ನನ್ನದೇ ಕತೆ. ಹೊಸನಗರದ ಕಡೆ ಜಾಗ ಹುಡುಕಿಕೊಂಡು ಬಂದಿದ್ದ ಸಿನಿಮಾದವರ ಹತ್ತಿರ ನನ್ನ ಮೊಮ್ಮಗಳು ಬಾಯಿ ಬಿಟ್ಟಿದ್ದಳು. ಅವರು ಎರಡು ದಿನ ನಮ್ಮ ಜಗಲಿಯಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಮೊಬೈಲಿಗೆ ತುಂಬಿಸಿಕೊಂಡು ಹೋದರು. ಅರಳಸುರಳಿಯ ಒಂದು ಮನೆಯಲ್ಲಿ ಶೂಟಿಂಗ್ ಆಯಿತು. ಒಬ್ಬ ಒರಟ ಗಂಡಸು, ಒಂದು ತರಲೆ ಹುಡುಗಿ, ಅವರಿಬ್ಬರ ಗೆಳೆತನ. ಅರ್ಧ ನಗು, ಅರ್ಧ ಅಳು. ಕಡೆಯ ಕಾಲು ಗಂಟೆ ಬಿಟ್ಟರೆ ಚೆನ್ನಾಗಿಯೇ ತೆಗೆದಿದ್ದಾರೆ. ಆ ಕಾಲು ಗಂಟೆ ಶುದ್ಧ ಸುಳ್ಳು. ನಡೆದದ್ದೇನು ಅಂತ ನಾನೇ ಬರೆಯುತ್ತೇನೆ.

ನಮ್ಮ ಮನೆ ಇದ್ದದ್ದು ಆನಂದಪುರದ ಹತ್ತಿರ. ನನಗೆ ಆಗ ಒಂಬತ್ತು ವರ್ಷ. ಅಪ್ಪನ ತಾಯಿ, ನಮ್ಮಜ್ಜಿ, ಸುತ್ತಲ ನಾಲ್ಕೂರಿನ ಮದುವೆಗೆ ಚಿತ್ತಾರ ಬರೆದವಳು. ಅವಳ ಬೆರಳು ಸೆಟೆದುಕೊಂಡು ಕುಂಚ ನಿಲ್ಲದಂತಾಗಿತ್ತು. ತನ್ನ ಕೈ ಮೊಮ್ಮಗಳಿಗೆ ಬರಲೇಬೇಕು ಅಂತ ಹಟ. ನನಗೋ ಒಂದು ಎಳೆಯೂ ನೆಟ್ಟಗೆ ಬರುತ್ತಿರಲಿಲ್ಲ. "ಎತ್ತು ನಡೀತಾ ಉಚ್ಚೆ ಹೊಯ್ದಂಗೈತಲ್ಲೇ" ಅನ್ನುತ್ತಾ ಕೈಗೆಣ್ಣಿಗೆ ಬಾರಿಸುತ್ತಿದ್ದಳು.

ಆ ವರ್ಷ ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದಳು. ತೆನೆ ಹೊತ್ತ ಗದ್ದೆ ಬಸುರಿ ಅಂತ ಲೆಕ್ಕ. ಅವಳಿಗೆ ಬಯಕೆಯ ಊಟ ಒಯ್ಯುವ ಬುಟ್ಟಿ ಅದು. ಮೂರು ಸಲ ಬರೆದು ಮೂರು ಸಲ ಅಳಿಸಿ, ಕಡೆಗೆ ಬುಟ್ಟಿ ಎತ್ತಿಕೊಂಡು ಕೋಣದ ಕೊಟ್ಟಿಗೆಗೆ ಹೋಗಿ ಅಳುತ್ತಾ ಕೂತೆ. ಅಲ್ಲಿ ಗುತ್ಯಪ್ಪ ಇದ್ದ.

ಗುತ್ಯಪ್ಪ ನಮ್ಮ ಮನೆಯ ಕೋಣ ಹೂಡುವ ಆಳು. ನಲವತ್ತು ದಾಟಿತ್ತು, ಮದುವೆ ಇಲ್ಲ, ಬಾಯಿ ತೆರೆದರೆ ಬೈಗುಳ. ಊಟ ಮಾಡದ ಮಕ್ಕಳನ್ನು ಅವನ ಹೆಸರು ಹೇಳಿ ಹೆದರಿಸುತ್ತಿದ್ದರು. ಊರವರು ಕರೆಯುತ್ತಿದ್ದದ್ದು ಮುಳುಗಡೆ ಗುತ್ಯಪ್ಪ ಅಂತ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅವನ ಊರು, ಗದ್ದೆ, ಮನೆ ಎಲ್ಲ ಅದರೊಳಗೇ ಉಳಿದವು. ಹೊರಗೆ ಬಂದ ಅವನ ಅವ್ವ ವರ್ಷ ಕೂಡ ಬದುಕಲಿಲ್ಲ. ಕೊಟ್ಟಿಗೆಗೆ ತಾಗಿಸಿ ಕಟ್ಟಿದ ಬಿದಿರುತಟ್ಟಿಯ ಮಾಡಿನಲ್ಲಿ ಅವನ ವಾಸ.

ಬುಟ್ಟಿ ನೋಡಿದವನೇ, "ಇದೆಂತದೇ ಸಿಂಬಳಬುರುಕಿ, ಓತಿಕ್ಯಾತ ಹರಿದಾಡ್ತಾ?" ಅಂದ.

"ಕೋಣ ಕಾಯೋನಿಗೆ ಎಂತ ಗೊತ್ತು ನಿಂಗೆ" ಅಂದೆ.

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಕೈಯಿಂದ ಕುಂಚ ಕಿತ್ತುಕೊಂಡ. ಪುಂಡಿನಾರಿನ ಸಣ್ಣ ಕುಂಚ ಆ ಮುಷ್ಟಿಯೊಳಗೆ ಕಾಣಿಸುತ್ತಲೇ ಇರಲಿಲ್ಲ. ಉಸಿರು ಹಿಡಿದು ಒಂದು ಎಳೆ ಎಳೆದ. ಅದರ ಪಕ್ಕಕ್ಕೆ ಇನ್ನೊಂದು. ನೂಲು ಹಿಡಿದು ಕಟ್ಟಿದ ಹಾಗೆ ಬಂತು. ಹುಳಿ ಬಂದ ಅಕ್ಕಿಹಿಟ್ಟಿನ ವಾಸನೆ, ಕೋಣದ ಮೈಯ ವಾಸನೆ, ಅವನ ಬೀಡಿಯ ವಾಸನೆ, ಮೂರೂ ಸೇರಿ ನನಗೆ ತಲೆ ಸುತ್ತುತ್ತಿತ್ತು, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಅವನ ಅವ್ವ ಬರೆಯುವಾಗ ಹಿಟ್ಟಿನ ಚಿಪ್ಪು ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದನಂತೆ. ಅಪ್ಪ ಬೈದರೂ ಕೂರುತ್ತಿದ್ದನಂತೆ.

ಅಜ್ಜಿ ಬುಟ್ಟಿಯನ್ನು ಸುತ್ತ ತಿರುಗಿಸಿ ನೋಡಿ ಯಾರು ಬರೆದದ್ದು ಅಂತ ಕೇಳಿದಳು. ನಾನೇ ಅಂದೆ. ಅವಳು ನನ್ನ ಮುಖ ನೋಡಿದಳು. ಸಂಜೆಯೊಳಗೆ ಕೇರಿಗೆಲ್ಲ ಮೊಮ್ಮಗಳ ಕೈ ಹೊಗಳಿ ಬಂದಳು. ಐವತ್ತು ವರ್ಷ ಎಳೆ ಎಳೆದವಳಿಗೆ ಮಗುವಿನ ಕೈ ಯಾವುದು, ಪಳಗಿದ ಕೈ ಯಾವುದು ತಿಳಿಯುವುದಿಲ್ಲವಾ? ಅವಳಿಗೆ ಅವತ್ತೇ ತಿಳಿದಿತ್ತು. ಹೊಗಳಿಕೆ ಮನೆಗೆ ಬರುತ್ತದಲ್ಲ ಅಂತ ಬಾಯಿ ಮುಚ್ಚಿಕೊಂಡಳು.

ಅಲ್ಲಿಂದ ನಮ್ಮಿಬ್ಬರದು ಶುರುವಾಯಿತು. ನಾನು ಲಂಗದ ಮಡಿಲಲ್ಲಿ ಚೀನಿಕಾಯಿ ಕಡುಬು ಕದ್ದು ತರುವುದು, ಅವನು ತಿಂದು, ಬೆಲ್ಲ ಸಾಲದು ಅಂತ ಬೈಯುವುದು. ಮಧ್ಯಾಹ್ನ ಕೊಟ್ಟಿಗೆಯಲ್ಲಿ ಚೆನ್ನೆಮಣೆ ಆಟ. ಅಷ್ಟು ದೊಡ್ಡ ಗಂಡಸು ನಾನು ಅತ್ತ ತಿರುಗಿದರೆ ಸಾಕು, ಕಾಳು ಕದಿಯುತ್ತಿದ್ದ. ಸಿಕ್ಕಿಬಿದ್ದರೆ ತಪ್ಪನ್ನು ಕೋಣದ ಮೇಲೆ ಹಾಕುತ್ತಿದ್ದ. ಸೋತ ದಿನ ನನ್ನ ಹತ್ತಿರ ಮಾತು ಬಿಡುತ್ತಿದ್ದ. ನಾನು ಅವನಿಗೆ ಹೆದರುವುದು ಯಾವಾಗ ಬಿಟ್ಟೆನೋ ನನಗೇ ಗೊತ್ತಾಗಲಿಲ್ಲ.

ಸುಗ್ಗಿ ಮುಗಿದ ಮೇಲೆ ಅಪ್ಪನ ತಂಗಿ, ನಮ್ಮ ಅತ್ತೆಯ ಮದುವೆ. ಹಸೆಗೋಡೆ ನನ್ನ ಮೊಮ್ಮಗಳೇ ಬರೆಯುವುದು ಅಂತ ಅಜ್ಜಿ ಎಲ್ಲರೆದುರು ಹೇಳಿಬಿಟ್ಟಳು. ಗುತ್ಯಪ್ಪನ ಹತ್ತಿರ ಓಡಿಹೋಗಿ, ಆಗುವುದಿಲ್ಲ ಅಂತ ಹೇಳಿಬಿಡಲಾ ಅಂತ ಕೇಳಿದೆ. ಅವನು ಕೈಯಲ್ಲಿದ್ದ ಹುಲ್ಲನ್ನು ಕೋಣಕ್ಕೆ ಹಾಕಿದ. ಆಮೇಲೆ ಕೇಳಿದ: "ಗೋಡೆ ಎಷ್ಟು ಅಗಲ ಐತೆ?"

ಅವನ ಅವ್ವ ಬರೆದ ಗೋಡೆ ನೀರಿನೊಳಗೆ. ಅವಳ ಎಳೆ ಉಳಿದದ್ದು ಇವನ ಕೈಯಲ್ಲಿ ಮಾತ್ರ. ಬಿದಿರುತಟ್ಟಿಯ ಮೇಲೆ ಎಳೆ ನಿಲ್ಲುವುದಿಲ್ಲ. ಊರು ಬಿಟ್ಟಾಗಿನಿಂದ ಅವನಿಗೆ ಬೇಕಾಗಿದ್ದದ್ದು ಒಂದು ಮಣ್ಣಿನ ಗೋಡೆ, ಅಷ್ಟೇ.

ನಾನು ಬರೆಯುವಾಗ ಯಾರೂ ಒಳಗೆ ಬರಬಾರದು, ದೃಷ್ಟಿ ತಾಗುತ್ತದೆ ಅಂದೆ. ಅಜ್ಜಿ ತಕ್ಷಣ ಹೌದು ಹೌದು ಅಂದಳು. ನಾಲ್ಕು ದಿನ ಊಟವಾದ ಮೇಲೆ ಹೆಂಗಸರು ಮುಂದಿನ ಜಗಲಿಯಲ್ಲಿ ಹಪ್ಪಳ ಒತ್ತುತ್ತಿದ್ದರು. ಗುತ್ಯಪ್ಪ ಕಟ್ಟಿಗೆ ಹೊರೆ ಹೊತ್ತು ಹಿತ್ತಿಲ ಬಾಗಿಲಿನಿಂದ ನಡುಮನೆಗೆ ಬರುತ್ತಿದ್ದ. ನಾನು ಮುಂಬಾಗಿಲಿಗೆ ಅಗುಳಿ ಹಾಕಿ, ಸಂದಿಗೆ ಕಣ್ಣಿಟ್ಟು ಕೂರುತ್ತಿದ್ದೆ. ಬರೆಯುವಾಗ ಹಸೆ ಹಾಡು ಹೇಳಬೇಕು. ನನಗೆ ಬಾರದು. ಅವನೇ ಸಣ್ಣಗೆ ಗುನುಗುತ್ತಿದ್ದ. ಕೋಣ ಹೂಂಕರಿಸಿದ ಹಾಗಿದ್ದ ಆ ದನಿ ಕೇಳಿ, ಹುಡುಗಿಗೆ ಶೀತ ಜೋರಾಗಿದೆ ಅಂತ ಹೊರಗಿನವರು ಮಾತಾಡಿಕೊಂಡರು. ನಾಲ್ಕು ದಿನವೂ ಕಾಳುಮೆಣಸಿನ ಕಷಾಯವನ್ನು ಬಾಗಿಲಿನಿಂದಲೇ ಒಳಗೆ ಕೊಟ್ಟು ಕುಡಿಸಿದರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದರೆ ಗುತ್ಯಪ್ಪ ಬಾಯಿಗೆ ಟವೆಲು ತುರುಕಿಕೊಂಡು ನಗುತ್ತಿದ್ದ. ಇಷ್ಟನ್ನೂ ಸಿನಿಮಾದಲ್ಲಿ ತೋರಿಸಿದ್ದಾರೆ, ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಮದುವೆಯ ದಿನ ಗಂಡಿನ ದಿಬ್ಬಣ ಬಂತು. ಅವರಲ್ಲಿ ಒಬ್ಬ ಮುದುಕಿ ಹಸೆಗೋಡೆಯ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ. ಅವಳೂ ಮುಳುಗಡೆಯವಳು.

"ಇದು ನಮ್ಮೂರಿನ ಎಳೆ" ಅಂದಳು. "ದ್ಯಾವಮ್ಮನ ಕೈ. ಅವ್ಳು ಸತ್ತು ಎಷ್ಟೋ ಕಾಲ ಆತು. ಯಾರು ಬರ್ದದ್ದು ಇದ್ನ?"

ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುದುಕಿಯ ಕಣ್ಣು ಒದ್ದೆಯಾಗಿತ್ತು. ಇಷ್ಟು ದೊಡ್ಡ ಹೊಗಳಿಕೆ ಅವನಿಗೇ ಸಿಗಲಿ ಅನ್ನಿಸಿತು. ಹೆಮ್ಮೆಯಿಂದಲೇ ಹೇಳಿದೆ: "ಗುತ್ಯಪ್ಪ ಬರ್ದದ್ದು. ದ್ಯಾವಮ್ಮ ಅವನ ಅವ್ವ."

ಸಿನಿಮಾದಲ್ಲಿ ಇಲ್ಲಿ ವಾದ್ಯ ಶುರುವಾಗುತ್ತದೆ. ಅಜ್ಜಿ ಅವನನ್ನು ತಬ್ಬಿಕೊಳ್ಳುತ್ತಾಳೆ. ಊರವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ.

ನಮ್ಮ ಮನೆಯಲ್ಲಿ ಮೊದಲು ಯಾರೋ ನಕ್ಕರು. ಆಮೇಲೆ ಗಂಡಿನ ಕಡೆಯ ಹಿರಿಯನೊಬ್ಬ, ಹೆಂಡತಿ ಮಕ್ಕಳಿಲ್ಲದ ಗಂಡಸು ಬರೆದ ಗೋಡೆಯ ಮುಂದೆ ನಮ್ಮ ಹುಡುಗನನ್ನು ಕೂರಿಸುವುದಿಲ್ಲ ಅಂತ ಎದ್ದು ನಿಂತ. ಅಪ್ಪನ ಮುಖ ಕಪ್ಪಿಟ್ಟಿತು. ಚಪ್ಪರದ ಹಿಂದೆ ಕಟ್ಟಿಗೆ ಒಡೆಯುತ್ತಿದ್ದ ಗುತ್ಯಪ್ಪನನ್ನು ಎಳೆದು ತಂದರು. ಕೇಳಿದ್ದಕ್ಕೆ ಅವನು ಹೂಂ, ನಾನೇ ಅಂದ. ಪಂಚೆಯ ಮೇಲೆ ಒಂದು ಹಳೆ ಸೀರೆ ಸುತ್ತಿದರು. ಕಿವಿಗೆ ಹೂ ಸಿಕ್ಕಿಸಿದರು. ಕೈಗೆ ಸಗಣಿ ಬುಟ್ಟಿ ಕೊಟ್ಟು, "ನೀನೇ ಬರ್ದದ್ದಲ್ವೇನೇ, ನೀನೇ ಬಳಿ" ಅಂದರು. ಇಡೀ ಚಪ್ಪರ ನಕ್ಕಿತು. ಅಪ್ಪ ನಕ್ಕ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಂದು ಮೂಲೆಯಾದರೂ ಉಳಿಸಿ ಅಂತ ಆ ಮುದುಕಿ ಕೇಳಿಕೊಂಡಳು. ಅವಳನ್ನು ಯಾರೋ ಹಿಡಿದು ಹೊರಗೆ ಕೂರಿಸಿದರು.

ಗುತ್ಯಪ್ಪ ಬಳಿದ. ಎಲ್ಲೂ ಪಟ್ಟೆ ಬೀಳದ ಹಾಗೆ, ಮೇಲಿನಿಂದ ಕೆಳಗೆ, ಸಮನಾಗಿ ಬಳಿದ. ಸಗಣಿ ಆರುವ ಮೊದಲೇ ಅಜ್ಜಿ ಅದರ ಮೇಲೆ ಸೆಟೆದ ಬೆರಳಲ್ಲಿ ನಾಲ್ಕು ಎಳೆ ಎಳೆದಳು. ಮದುವೆ ನಡೆಯಿತು. ಜನ ಹೋಳಿಗೆ ಉಂಡರು.

ನಾನು ಅವನ ಹಿಂದೆ ಗದ್ದೆಬದುವಿನವರೆಗೆ ಓಡಿದೆ. ಸೀರೆ ಬಿಚ್ಚಿ ಬೇಲಿಯ ಮೇಲೆ ಎಸೆದು ಹೊರಟಿದ್ದ.

"ಎಂತಕ್ಕೆ ಹೇಳ್ದೆ?" ಅಂದ.

"ನಿಂಗೆ ಹೊಗಳ್ತಾರೆ ಅಂತ."

"ನಂಗೆ ಹೊಗಳಿಕೆ ಬ್ಯಾಡಾಗಿತ್ತು ಕಣೇ. ಗೋಡೆ ಬೇಕಾಗಿತ್ತು."

ಬೈಯಲೂ ಇಲ್ಲ. ಹೋದ. ತೀರ್ಥಹಳ್ಳಿ ಕಡೆ ಮರ ಕೊಯ್ಯುವ ಮಿಲ್ಲಿನಲ್ಲಿ ಇದ್ದಾನೆ ಅಂತ ಯಾರೋ ಒಮ್ಮೆ ಅಂದರು. ಹುಡುಕಲು ಯಾರೂ ಹೋಗಲಿಲ್ಲ. ಅಪ್ಪ ಬೈದದ್ದು ಕೋಣ ಹೂಡಲು ಆಳಿಲ್ಲವಾಯಿತು ಅಂತ.

ಸಾಗರದ ಟಾಕೀಸಿನಲ್ಲಿ ಸಿನಿಮಾ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರಲ್ಲಿ ಅರ್ಧ ಜನ ನಮ್ಮ ಕಡೆಯವರೇ, ಆ ಚಪ್ಪರದಲ್ಲಿ ನಕ್ಕವರ ಮಕ್ಕಳು, ಮೊಮ್ಮಕ್ಕಳು. ನೀನ್ಯಾಕಜ್ಜಿ ಸುಮ್ಮನಿದ್ದೀಯ ಅಂತ ಮೊಮ್ಮಗಳು ಕೇಳಿದಳು. "ಸಗಣಿ ಎಲ್ಲಿ ಹೋಯ್ತು ಅಂತ ನೋಡ್ತಿದೀನಿ" ಅಂದೆ. ಜನ ಸಂಸಾರ ಕಟ್ಟಿಕೊಂಡು ಬರುತ್ತಾರೆ, ಮನಸ್ಸು ಭಾರ ಮಾಡಿ ಕಳಿಸಬಾರದು ಅಂತ ಸಿನಿಮಾ ತೆಗೆದವನು ಸಮಾಧಾನ ಹೇಳಿದ. ಭಾರವಾದರೆ ಏನಾಗುತ್ತದೆ? ನಾನು ಐವತ್ತೈದು ವರ್ಷದಿಂದ ಹಾಗೇ ಇದ್ದೇನೆ, ಸತ್ತಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು. ಶೂಟಿಂಗಿಗೆ ಮೊದಲು ಕಾಗದ, ಪೆನ್ನು ತಂದು ನನ್ನ ಮುಂದಿಟ್ಟಿದ್ದರು. ಆ ಗೋಡೆಯ ಮೇಲೆ ಏನಿತ್ತು ಹೇಳಿ, ಹಾಗೇ ಬರೆಸುತ್ತೇವೆ ಅಂದಿದ್ದರು. ದಂಡಿಗೆ ಇತ್ತು, ಏಣಿ ಇತ್ತು, ಗೊಂಬೆಗಳಿದ್ದವು ಅಂದೆ. ಅವು ಎಲ್ಲ ಹಸೆಗೋಡೆಯಲ್ಲೂ ಇರುತ್ತವೆ. ದ್ಯಾವಮ್ಮನ ಎಳೆ ಎಲ್ಲಿ ತಿರುಗುತ್ತಿತ್ತು, ಎಲ್ಲಿ ಕೂಡುತ್ತಿತ್ತು, ಯಾವುದನ್ನು ನೋಡಿ ಆ ಮುದುಕಿ ಗುರುತು ಹಿಡಿದಳು ಅಂತ ಹೇಳಲು ಆಗಲಿಲ್ಲ. ಈಗ ಕೇಳೋಣ ಅಂದರೆ ಭೂಮಿಯ ಮೇಲೆ ಯಾರೂ ಇಲ್ಲ. ಅವನು ಅದನ್ನು ಬರೆದ ನಾಲ್ಕು ದಿನವೂ ನಾನು ಅದೇ ನಡುಮನೆಯಲ್ಲಿದ್ದೆ. ಗೋಡೆಗೆ ಬೆನ್ನು ಹಾಕಿ ಬಾಗಿಲು ಕಾಯುತ್ತಿದ್ದೆ.